ಮೃಗದ ಬೆನ್ನಿನ ಸೀಳು

ಮಿಸಾವೊ ತ್ಸುಕಗೋಶಿ ಅವರನ್ನು ಮೊದಲು ಕಂಡ ದಿನವೇ ನಾನು ಅವರ ಮನಸ್ಸು ನೋಯಿಸಿದೆ.

ಅದು ೧೯೮೫ರ ಅಕ್ಟೋಬರ್. ಟೋಕಿಯೊದ ಪಶ್ಚಿಮದಂಚಿನ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಐದನೆಯ ತರಗತಿಯ ಮೇಷ್ಟರಾಗಿದ್ದೆ. ಶಾಲೆಯ ನಾಟಕಕ್ಕೆ ಒಂದು ದೈತ್ಯಮೃಗದ ವೇಷ ಬೇಕಾಗಿತ್ತು. ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಹರಿದ ಬಟ್ಟೆ, ಚೀಲಗಳನ್ನು ಹೊಲಿದುಕೊಡುವ ಅವರ ಅಂಗಡಿಗೆ ಹೋದೆ.

ಆ ವರ್ಷ ಮಕ್ಕಳಿಗೆಲ್ಲ ಒಂದು ಹಳೆಯ ಕಪ್ಪು-ಬಿಳುಪು ಚಿತ್ರದ ಹುಚ್ಚು. ಕೊಲ್ಲಿಯಿಂದೆದ್ದ ಮೃಗವೊಂದು ಪಟ್ಟಣವನ್ನು ತುಳಿದುಹಾಕುವ ಕಥೆ. ಸುಮಾರು ಮೂವತ್ತು ವರ್ಷಗಳ ಹಿಂದೆ ತೆರೆಕಂಡ ಚಿತ್ರ ಆಗತಾನೇ ವಿಡಿಯೊ ಕ್ಯಾಸೆಟ್ಟಾಗಿ ಬಂದಿತ್ತು.

“ಬೆನ್ನಲ್ಲಿ ಒಂದು ಗೇಣು ಹರಿದಿರಬೇಕಂತೆ ಅಮ್ಮ,” ಎಂದು ನಕ್ಕೆ. “ಸಿನಿಮಾದಲ್ಲಿ ಹಾಗೇ ಇದೆ. ನಮ್ಮ ಹುಡುಗರು ಆ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ ಬಿದ್ದು ಬಿದ್ದು ನಗ್ತಾರೆ. ಹೊಲಿಗೆಯವಳು ತೂಕಡಿಸಿರಬೇಕು!”

ಅವರು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು.

“ಆ ಹೊಲಿಗೆಯವಳು ನಾನೇ ಮೇಷ್ಟ್ರೇ. ತೂಕಡಿಸಲಿಲ್ಲ. ಹಾಗಂತ ಯಾರು ಹೇಳಿದ್ದು?”

“ಕ್ಯಾಸೆಟ್ಟಿನ ಜೊತೆ ಒಂದು ಪುಸ್ತಿಕೆ ಬರುತ್ತೆ. ಮೃಗದ ವೇಷದೊಳಗಿದ್ದ ನಟ ಕನಮೋರಿ ಅವರೇ ಅದರಲ್ಲಿ ಹೇಳಿದ್ದಾರೆ.”

“ಕನಮೋರಿನಾ?” ಎಂದರು ಮಿಸಾವೊ. ಮೆತ್ತೆಯನ್ನು ಪಕ್ಕಕ್ಕಿಟ್ಟು ಮತ್ತೆ, “ಕನಮೋರಿ ಹಾಗಂದನಾ?”

ಅವರು ಆ ಚಿತ್ರವನ್ನು ನೋಡಿಯೇ ಇರಲಿಲ್ಲ. ಮುಂದಿನ ಭಾನುವಾರ ನನ್ನ ವಿಡಿಯೊ ಯಂತ್ರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಅವರ ಅಂಗಡಿಗೆ ಹೊತ್ತೊಯ್ದೆ. ಟೀವಿಯ ಮುಂದೆ ಅವರು, ಹಿರಿಯರೆದುರು ಕೂರುವಂತೆ, ಮಂಡಿ ಮಡಿಚಿ ನೆಟ್ಟಗೆ ಕುಳಿತರು. ಒಂದು ಗಂಟೆ ಕಳೆಯಿತು. ಉರಿಯುವ ಗೋಪುರದ ಪಕ್ಕದಲ್ಲಿ ಮೃಗ ತಿರುಗಿ ನಿಂತಿತು.

“ನಿಲ್ಲಿಸಿ.”

ಬೆನ್ನಿನ ಹುರುಪೆಗಳ ನಡುವೆ ಸೀಳು ಕಂಡಿತು. ಅದರೊಳಗೆ ಮನುಷ್ಯನ ಬನಿಯನ್ನಿನ ಬಿಳುಪು.

“ನೇರವಾಗಿದೆ, ನೋಡಿ,” ಎಂದರು. “ಕೈ ನಡುಗ್ತಿತ್ತು. ಆದ್ರೂ ನೇರ ಬಂದಿದೆ.”

ಚಹಾ ಆರುವವರೆಗೆ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಿಪ್ಪು ಹಾಕಿದರೆ ದೀಪದ ಬೆಳಕಿಗೆ ಹೊಳೆಯುತ್ತದೆಂದು, ಆ ಚಿತ್ರದಲ್ಲಿ ದಿನಾ ಬೆಳಿಗ್ಗೆ ಮನುಷ್ಯನನ್ನು ವೇಷದೊಳಗೆ ಇಳಿಸಿ ಬೆನ್ನನ್ನು ಹೊಲಿದುಬಿಡುತ್ತಿದ್ದರು. ಬಾಗಿದ ಸೂಜಿ, ಮೇಣ ಸವರಿದ ದಾರ. ಕುತ್ತಿಗೆಯಿಂದ ಸೊಂಟದವರೆಗೆ ಹೊಲಿದು ಮೇಲೆ ಹುರುಪೆ ಅಂಟಿಸುವುದು ಇಪ್ಪತ್ತನಾಲ್ಕು ವರ್ಷದ ಮಿಸಾವೊ ಅವರ ಕೆಲಸ. ಊಟದ ಹೊತ್ತಿನವರೆಗೆ ಬಿಚ್ಚುವಂತಿರಲಿಲ್ಲ. ಮೃಗದ ನಡಿಗೆ ತೆರೆಯ ಮೇಲೆ ನಿಧಾನವಾಗಿ, ಭಾರವಾಗಿ ಕಾಣಲೆಂದು ಕ್ಯಾಮೆರಾವನ್ನು ಮೂರು ಪಟ್ಟು ವೇಗದಲ್ಲಿ ಓಡಿಸುತ್ತಿದ್ದರು. ಅದಕ್ಕೆ ತಕ್ಕಂತೆ ದೀಪಗಳೂ ಹೆಚ್ಚು, ವೇಷದೊಳಗೆ ಬೇಗೆಯೂ ಹೆಚ್ಚು. ಒಳಗಿನಿಂದ ಕೂಗಿದರೆ ಹೊರಗೆ ಕೇಳದು. ಆದ್ದರಿಂದ ಇಬ್ಬರೂ ಒಂದು ಸನ್ನೆ ಮಾಡಿಕೊಂಡಿದ್ದರು. ಎಡಗೈಯ ಪಂಜ ಎರಡು ಸಲ ಬಿಚ್ಚಿ ಮುಚ್ಚಿದರೆ, ಉಸಿರು ಕಟ್ಟುತ್ತಿದೆ, ಬಿಚ್ಚು ಎಂದರ್ಥ.

ಜುಲೈ ತಿಂಗಳ ಒಂದು ದಿನ, ನಲವತ್ತು ದಿನ ಕೂತು ಕಟ್ಟಿದ ಪುಟ್ಟ ಪಟ್ಟಣವನ್ನು ಸುಡಬೇಕಾಗಿತ್ತು. ಇನ್ನೊಮ್ಮೆ ಸುಡಲು ಇನ್ನೊಂದು ಪಟ್ಟಣವಿರಲಿಲ್ಲ. ಬೆಂಕಿ ಹತ್ತಿತು. ಮೃಗದ ಎಡಪಂಜ ಎರಡು ಸಲ ಬಿಚ್ಚಿ ಮುಚ್ಚಿತು.

“ಭೇಷ್! ಹಾಗೇ ಆಡಿಸ್ತಾ ಇರು!” ಎಂದು ನಿರ್ದೇಶಕರು ಕೂಗಿದರು.

ಮತ್ತೆ ಎರಡು ಸಲ. ಆಮೇಲೆ ಪಂಜ ಜೋತುಬಿತ್ತು. ಮಿಸಾವೊ ಕತ್ತರಿ ಹಿಡಿದು, ಎರಡು ಬೀದಿಗಳ ಮನೆಗಳನ್ನು ಚಪ್ಪಲಿಯಲ್ಲಿ ತುಳಿದುಕೊಂಡೇ ಓಡಿ, ಬೆನ್ನನ್ನು ಒಂದು ಗೇಣು ಸೀಳಿದರು. ಕನಮೋರಿ ಬಾಯಿ ಕಳೆದು ಗಾಳಿ ಎಳೆದುಕೊಂಡರು. “ಹೋಗು ಮಿಸಾವೊ, ನಾನು ಮುಗಿಸ್ತೀನಿ” ಎಂದು ಒಳಗಿನಿಂದಲೇ ಹೇಳಿ, ತಿರುಗಿ ಗೋಪುರವನ್ನು ಕೆಡವಿದರು. ಮಿಸಾವೊ ಕಾಣಿಸುವಷ್ಟು ಫಿಲ್ಮನ್ನು ಆಮೇಲೆ ಸ್ಟುಡಿಯೊದವರು ಕತ್ತರಿಸಿ ಎಸೆದರು. ಸೀಳು ಉಳಿಯಿತು. ಕ್ಯಾಮೆರಾದ ಮುಂದೆ ನುಗ್ಗಿದ ಹೆಂಗಸೆಂದು ಅದೇ ಸಂಜೆ ಅವರನ್ನು ಕೆಲಸದಿಂದ ತೆಗೆದರು. ಮಾತು ಹಬ್ಬಿ, ಬೇರೆ ಯಾವ ಸ್ಟುಡಿಯೊ ಕೂಡ ಅವರನ್ನು ಸೇರಿಸಿಕೊಳ್ಳಲಿಲ್ಲ.

“ಕೆಲಸ ಹೋಗಿದ್ದಕ್ಕೆ ಅತ್ತು ಮುಗಿಸಿದ್ದೀನಿ ಮೇಷ್ಟ್ರೇ,” ಎಂದರು. “ಆದ್ರೆ ತೂಕಡಿಸಿದಳು ಅಂದುಬಿಟ್ಟನಲ್ಲ. ಒಂದು ಸಲ ಅವನ ಬಾಯಿಂದಲೇ ನಿಜ ಬರಬೇಕು. ಅಷ್ಟೇ ನನಗೆ ಬೇಕಾಗಿರೋದು.”

ಡಿಸೆಂಬರಿನಲ್ಲಿ ಟೋಕಿಯೊದ ಶಿಂಜುಕು ಪೇಟೆಯ ವಿಡಿಯೊ ಅಂಗಡಿಯೊಂದಕ್ಕೆ ಕನಮೋರಿ ಬಂದಿದ್ದರು. ಕ್ಯಾಸೆಟ್ಟಿನ ಮೇಲೆ ಸಹಿ ಹಾಕಿಸಿಕೊಳ್ಳಲು ಉದ್ದದ ಸಾಲು. ನನ್ನ ಜೊತೆ ಬಂದ ಮಿಸಾವೊ ಬೂದುಬಣ್ಣದ ಕಿಮೋನೊ ಉಟ್ಟಿದ್ದರು. ಬರಿಗೈಯಲ್ಲಿ ಹೋಗಬಾರದೆಂದು ಅಕ್ಕಿಹಿಟ್ಟಿನ ಸಿಹಿಯ ಪೊಟ್ಟಣವನ್ನೂ ತಂದಿದ್ದರು.

“ಅಯ್ಯೋ, ಮಿಸಾವೊ! ಬದುಕಿದ್ದೀಯಾ!” ಎಂದರು ಕನಮೋರಿ.

“ನೀನೂ ಬದುಕಿದ್ದೀಯಲ್ಲ. ಹೇಗೆ ಅಂತ ಈ ಜನಕ್ಕೆ ಹೇಳ್ತೀಯಾ?”

ಮುದುಕರ ನಗೆ ಬಾಡಿತು. ದನಿ ತಗ್ಗಿಸಿದರು. “ಆಗ ಹೇಳಿದ್ರೆ ನನ್ನ ಕೆಲಸಾನೂ ಹೋಗ್ತಿತ್ತು. ಈಗ ಈ ಜನ ಬರೋದೇ ಆ ತಮಾಷೆ ಕೇಳೋಕೆ ಕಣೇ. ಹೆಣ ಆಗ್ತಿದ್ದೆ ಅಂದ್ರೆ ಯಾರು ನಗ್ತಾರೆ?”

ಹಾಗೆಂದು ಎದ್ದುನಿಂತು ಮಿಸಾವೊ ಅವರಿಗೆ ನಮಿಸಿದರು. ಹಣೆ ಮೇಜಿಗೆ ತಾಗುವಷ್ಟು ಬಗ್ಗಿದರು. ಇದೂ ತಮಾಷೆಯೇ ಎಂದುಕೊಂಡು ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮಿಸಾವೊ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಕನಮೋರಿ ಸಹಿ ಹಾಕಿದ ಕ್ಯಾಸೆಟ್ಟೊಂದನ್ನು ಮಿಸಾವೊ ಅವರ ಕೈಗೆ ತುರುಕಿದರು.

ಹಿಂದಿರುಗುವಾಗ ರೈಲಿನಲ್ಲಿ ಮಿಸಾವೊ ಆಡಿದ್ದು ಒಂದೇ ಮಾತು: “ಅವನ ಬೆನ್ನು ಇನ್ನೂ ಚೆನ್ನಾಗಿ ಬಗ್ಗುತ್ತೆ, ನೋಡಿದ್ರಾ.”

ಒಂಬತ್ತು ವರ್ಷಗಳ ಮೇಲೆ ಕನಮೋರಿ ತೀರಿಕೊಂಡರು. ತೂಕಡಿಸಿದ ಹೊಲಿಗೆಯವಳ ಕಥೆಯನ್ನು ಪತ್ರಿಕೆಗಳು ಅಂದೂ ಬರೆದವು. ನನ್ನ ನಿವೃತ್ತಿಯ ಸುಮಾರಿಗೆ ಅದೇ ಚಿತ್ರ ಹೊಳೆಯುವ ಡಿಸ್ಕಿನಲ್ಲಿ, ಕಂಪ್ಯೂಟರಿನಲ್ಲಿ ಕಲೆಗಳನ್ನೆಲ್ಲ ತೊಳೆದು, ಹೊಸದಾಗಿ ಬಂತು. ಕನಮೋರಿಯ ಪುಸ್ತಿಕೆ ಈ ಸಲ ಇಲ್ಲವೆಂದು ಸಂತೋಷಪಟ್ಟು ನಾನೇ ಅದನ್ನು ಮಿಸಾವೊ ಅವರ ಬಳಿಗೆ ಒಯ್ದೆ. ಮೊದಲೇ ಒಮ್ಮೆ ನೋಡಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ. ಗೋಪುರದ ಬಳಿ ಮೃಗ ತಿರುಗಿತು. ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಸಮನೆ ಹುರುಪೆ. ಸೀಳಿರಲಿಲ್ಲ.

ಮಿಸಾವೊ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಯಾರೋ ಚೆನ್ನಾಗಿ ಹೊಲಿದಿದ್ದಾರೆ,” ಎಂದರು.

ಈಗ ಅವರಿಗೆ ಎಂಬತ್ತೊಂದು. ಅಂಗಡಿ ಮುಚ್ಚಿದೆ. ಅದರ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ನನ್ನ ಹಳೆಯ ಯಂತ್ರ ಅಲ್ಲೇ ಉಳಿದಿದೆ. ಅದನ್ನು ರಿಪೇರಿ ಮಾಡುವವರು ಈಗ ಸಿಕ್ಕುವುದಿಲ್ಲ. ನಾನು ಪ್ರತಿ ಬುಧವಾರ ಮಧ್ಯಾಹ್ನ ಹೋಗುತ್ತೇನೆ. ಆಗ ಅವರು ಸಹಿಯಿರುವ ಆ ಕ್ಯಾಸೆಟ್ಟನ್ನು ಹಾಕಿ, ಗೋಪುರದವರೆಗೆ ಓಡಿಸಿ, ನಿಲ್ಲಿಸಿ ನೋಡುತ್ತಾರೆ. ಚಿತ್ರದ ಕೊನೆಯವರೆಗೆ ಎಂದೂ ಹೋಗುವುದಿಲ್ಲ.

“ಒಂದೇ ಕಡೆ ಹಾಗೆ ನಿಲ್ಲಿಸಿದ್ರೆ ಟೇಪು ಸವೆದುಹೋಗುತ್ತೆ, ಅಮ್ಮ,” ಎಂದೆ ಮೊನ್ನೆ.

“ಸವೀಲಿ ಬಿಡಿ ಮೇಷ್ಟ್ರೇ. ಆ ಡಿಸ್ಕಿನವರು ಅಳಿಸಿದ್ದಕ್ಕಿಂತ ಇದು ವಾಸಿ. ಇದನ್ನ ಸವೆಸ್ತಿರೋಳು ನಾನು.”

ಮೃಗದ ಬೆನ್ನಿನ ಮೇಲೆ ಈಗ ಬಿಳಿಯ ಗೆರೆಗಳು ಅಡ್ಡಡ್ಡ ಹರಿದಾಡುತ್ತವೆ. ಸೀಳು ಯಾವುದು, ಗೆರೆ ಯಾವುದು ಎಂದು ನನ್ನ ಕಣ್ಣಿಗೆ ತಿಳಿಯುವುದಿಲ್ಲ. ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆಮೇಲೆ ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ನಿಲ್ಲಿಸುತ್ತಾರೆ.