ಬಜಾರದ ದಾರಿ

ಯಾದಗಿರಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಬೆಳಗಾಗೆದ್ದು ಚಂದ್ರಾಮಪ್ಪನ ಮುಖ ನೋಡಲು ಯಾರೂ ಇಷ್ಟಪಡುತ್ತಿರಲಿಲ್ಲ. ಮನುಷ್ಯ ಕೆಟ್ಟವನಲ್ಲ. ಕುಡಿತವಿಲ್ಲ, ಜಗಳವಿಲ್ಲ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೇಳಿದಷ್ಟಕ್ಕೆ ಉತ್ತರ. ಆದರೆ ಅವನು ಓಡಿಸುತ್ತಿದ್ದದ್ದು ಹೆಣದ ಗಾಡಿ. ಹನ್ನೊಂದು ವರ್ಷದಿಂದ ಅದೇ ಕೆಲಸ. ಚಹಾದಂಗಡಿಗೆ ಬಂದರೆ ಬೆಂಚಿನ ಮೇಲಿದ್ದವರು ತುಸು ಆಚೆ ಸರಿದು ಕೂರುತ್ತಿದ್ದರು. ಮನೆಯಲ್ಲಿ ಸಾವಾದ ದಿನ ಮಾತ್ರ ಅದೇ ಜನ "ಚಂದ್ರಾಮಪ್ಪನವ್ರ, ಲಗೂ ಬರ್ರಿ" ಎಂದು ಫೋನು ಹಚ್ಚುತ್ತಿದ್ದರು. ಅವನು ಎರಡನ್ನೂ ಮನಸ್ಸಿಗೆ ಹಚ್ಚಿಕೊಂಡವನಲ್ಲ.

ಗಾಡಿ ಮೂರು ತಾಲೂಕು ವರ್ತಕರ ಸಂಘದ್ದು. ಯಾದಗಿರಿ, ಶಹಾಪುರ, ಸುರಪುರದ ವ್ಯಾಪಾರಸ್ಥರು ಕೂಡಿ ಕಟ್ಟಿಕೊಂಡ ಸಂಘ. ಬೋರ್ಡಿನ ಮೇಲೆ ಉದ್ದ ಹೆಸರು, ಜನರ ಬಾಯಲ್ಲಿ ಬರೀ ಚೇಂಬರ್. ರೈಲು ನಿಲ್ಲಿಸಿ ಎಂದು ಅರ್ಜಿ ಬರೆಯುವುದು ಚೇಂಬರ್, ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನ ಮುಂದೆ ಅರವಟ್ಟಿಗೆ ಇಡುವುದು ಚೇಂಬರ್, ತೂಕದಲ್ಲಿ ತಕರಾರು ಬಂದರೆ ರೈತನನ್ನೂ ದಲಾಲನನ್ನೂ ಎದುರುಬದುರು ಕೂರಿಸಿ, ಚಹಾ ಕುಡಿಸಿ, ರಾಜಿ ಮಾಡಿಸುವುದೂ ಚೇಂಬರ್. ಅರ್ಜಿಗೆ ರೈಲು ನಿಂತದ್ದು ಕಡಿಮೆ, ಅರ್ಜಿ ಕೊಟ್ಟವರ ಫೋಟೊ ಪೇಪರಿನಲ್ಲಿ ಬಂದದ್ದೇ ಹೆಚ್ಚು. ಆದರೆ ಹೆಣದ ಗಾಡಿಯ ವಿಷಯದಲ್ಲಿ ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಜಾತಿ ಕೇಳುತ್ತಿರಲಿಲ್ಲ, ಬಾಡಿಗೆ ಕೇಳುತ್ತಿರಲಿಲ್ಲ. ಭೀಮಾ ಸೇತುವೆ ದಾಟಿ ವಡಗೇರಾದ ಕೂಲಿಕಾರನನ್ನೂ ಶಹಾಪುರದ ಹತ್ತಿ ಸಾಹುಕಾರನನ್ನೂ ಅದೇ ಗಾಡಿ ಮನೆ ಮುಟ್ಟಿಸುತ್ತಿತ್ತು.

ಒಂದೇ ಒಂದು ಭೇದವಿತ್ತು. ಊರೊಳಗೆ ಸಂಘದ ಸದಸ್ಯರ ಮನೆಯ ಸಾವಾದರೆ, ಮಣ್ಣಿಗೆ ಹೋಗುವಾಗ ಗಾಡಿ ಬಜಾರದೊಳಗಿಂದ ಹೋಗಬೇಕು. ಕನ್ನಡಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಮನುಷ್ಯ ನಡೆಯುವಷ್ಟೇ ನಿಧಾನವಾಗಿ. ಬಿಳಿ ಬಟ್ಟೆ ಕಂಡೊಡನೆ ಎರಡೂ ಬದಿಯ ಅಂಗಡಿಗಳ ಶಟರು ಅರ್ಧಕ್ಕೆ ಇಳಿಯುತ್ತಿದ್ದವು. ತೂಗುವ ಕೈ ನಿಲ್ಲುತ್ತಿತ್ತು, ಕೂತವರು ಏಳುತ್ತಿದ್ದರು. ಉಳಿದವರದು ಕೆರೆಯ ದಾರಿ. ಎಲ್ಲ ಸಾವಿಗೂ ಶಟರು ಇಳಿಸುತ್ತ ಹೋದರೆ ವ್ಯಾಪಾರ ಮಾಡುವುದು ಯಾವಾಗ ಎಂದು ಹಿಂದೆ ಯಾವುದೋ ಮೀಟಿಂಗಿನಲ್ಲಿ ಠರಾವು ಆಗಿತ್ತು. ಚಂದ್ರಾಮಪ್ಪ ಆ ಠರಾವನ್ನು ಒಂದು ದಿನವೂ ಮೀರಲಿಲ್ಲ. ಮೀರದೇ ಇರುವುದೇ ತನ್ನ ಮರ್ಯಾದೆ ಎಂದುಕೊಂಡಿದ್ದ.

ಎರಡು ವರ್ಷದ ಹಿಂದೆ ಹಮಾಲ ದೇವಿಂದ್ರಪ್ಪ ಬೆನ್ನ ಮೇಲೆ ಚೀಲವಿದ್ದಾಗಲೇ ಕುಸಿದು ತೀರಿಕೊಂಡ. ಅವನ ಹೆಂಡತಿ ಸುಗಲಮ್ಮ ಗಾಡಿಯ ಬಾಗಿಲು ಹಿಡಿದು ಬೇಡಿಕೊಂಡಿದ್ದಳು.

"ತಮ್ಮಾ, ಇಪ್ಪತ್ತೆರಡು ವರ್ಷ ಒಂದೇ ಅಂಗಡ್ಯಾಗ ಚೀಲ ಹೊತ್ತಾನ. ಆ ಅಂಗಡಿ ಮುಂದಿಂದ ಒಯ್ಯಿ. ಅವ್ರು ಶಟರ್ ಇಳಸ್ಲಿ, ಬಿಡ್ಲಿ."

"ರೂಲ್ ಇಲ್ಲಕ್ಕಾ," ಎಂದಿದ್ದ ಚಂದ್ರಾಮಪ್ಪ, ಗಾಡಿಯನ್ನು ಕೆರೆಯ ಕಡೆ ತಿರುಗಿಸಿದ್ದ. ಸುಗಲಮ್ಮ ಬೈಯದೆ ಬಾಗಿಲಿನಿಂದ ಕೈ ತೆಗೆದಿದ್ದಳು. ಬೈದಿದ್ದರೆ ಅವನು ಅದನ್ನು ಮರೆತುಬಿಡುತ್ತಿದ್ದ.

ಚಂದ್ರಾಮಪ್ಪನ ತಾಯಿ ಬಾಲಮ್ಮ ಅದೇ ಗಂಜಿನಲ್ಲಿ ನಲವತ್ತು ವರ್ಷ ತೊಗರಿ ಹಸನು ಮಾಡಿದವಳು. ಮೊರದಲ್ಲಿ ಕೇರಿ ಕೇರಿ ಬಲಗೈಯ ಮಣಿಕಟ್ಟು ಸೊಟ್ಟಗಾಗಿತ್ತು. ಕುಡಿಯುವ ನೀರನ್ನು ಅಂಗಡಿಯವರು ಮೇಲಿನಿಂದ ಅವಳ ಬೊಗಸೆಗೆ ಹೊಯ್ದ ಕಾಲವನ್ನೂ ಕಂಡಿದ್ದಳು. ಮಗನಿಗೆ ಆಗಾಗ ಒಂದು ಮಾತು ಹೇಳುತ್ತಿದ್ದಳು.

"ನಾ ಹೋದ ದಿನ ನನ್ನ ಬಜಾರದಾಗಿಂದ ಒಯ್ಯೋ ಚಂದ್ರಾಮ. ಇಷ್ಟ್ ವರ್ಷ ಅವ್ರು ಕುಂತಾರ, ನಾ ಬಗ್ಗೀನಿ. ಒಂದ್ ಸಲ ನಾ ಮಲಕೊಂಡಿರ್ತೀನಿ, ಅವ್ರು ನಿಂದರ್ಲಿ."

"ನೀ ಎಲ್ಲಿ ಸಾಯ್ತಿ ಬಿಡಬೇ," ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಅದು ನಗೆಯ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಗಂಜಿಗೆ ತೊಗರಿಯ ಆವಕ ಜೋರಾಗಿದ್ದ ಜನವರಿಯ ಒಂದು ಶನಿವಾರ ನಸುಕಿನಲ್ಲಿ ಬಾಲಮ್ಮ ತೀರಿಕೊಂಡಳು. ಒಂಬತ್ತರ ಹೊತ್ತಿಗೆ ಚೇಂಬರಿನ ಅಧ್ಯಕ್ಷ ಜಗದೇವಪ್ಪ ಸಾಹುಕಾರರು ತಾವೇ ಓಣಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಮೇಲಿದ್ದ ಬುದ್ಧನ ಫೋಟೊಗೆ ಕೈಮುಗಿದು, ಹೆಣಕ್ಕೆ ಹಾರ ಹಾಕಿದರು. ಆಮೇಲೆ ಚಂದ್ರಾಮಪ್ಪನ ಭುಜ ಹಿಡಿದರು.

"ನೀ ನಮ್ಮ ಮನಷ್ಯಾ ಅದಿ. ನಿಮ್ಮವ್ವಗ ಕೆರಿ ದಾರಿ ಬ್ಯಾಡ, ಬಜಾರದಾಗಿಂದ ಒಯ್ಯಿ. ನಾ ಎಲ್ಲಾರಿಗೂ ಫೋನ್ ಮಾಡಿ ಹೇಳ್ತೀನಿ."

ತಾಯಿಯ ಆಸೆ ಕೇಳದೆಯೇ ಕೈಗೆ ಬಂದಿತ್ತು. ಚಂದ್ರಾಮಪ್ಪ ಹೂಂ ಎನ್ನಬೇಕು, ಅಷ್ಟೇ. ಆಗ ಅವನ ಕಣ್ಣು ಹೆಣದ ತಲೆಯ ಬಳಿ ಹೋಯಿತು. ಅಲ್ಲಿ ಸುಗಲಮ್ಮ ಕೂತು ಬಾಲಮ್ಮನ ಕೂದಲು ಬಾಚುತ್ತಿದ್ದಳು.

"ಸಾವಕಾರ್ರ, ಇದು ನಮ್ಮವ್ವಗಷ್ಟೇನ್ರಿ, ಇನ್ನ ಮ್ಯಾಲ ಹಮಾಲ್ರಿಗೂ ಅದನ್ರಿ?"

ಜಗದೇವಪ್ಪನವರು ಅವನ ಭುಜದ ಮೇಲಿನ ಕೈ ತೆಗೆದರು. "ಅದು ಮೀಟಿಂಗಿನಾಗ ಇಡಬೇಕಪ್ಪ. ಸೋಮವಾರ ಇಡ್ತೀನಿ. ಇವತ್ತಿಂದು ಇವತ್ತ ನೋಡು."

ಅವರು ಸುಳ್ಳು ಹೇಳುವವರಲ್ಲ. ಆದರೆ ಹೆಣ ಸೋಮವಾರದವರೆಗೆ ಕಾಯುವುದಿಲ್ಲ.

"ಹಂಗಾದ್ರ ಫೋನ್ ಮಾಡಬ್ಯಾಡ್ರಿ. ನಮ್ಮವ್ವನೂ ಕೆರಿ ದಾರೀಲೇ ಹೋಗ್ಲಿ."

ಹೆತ್ತವ್ವ ಬಾಯಿ ಬಿಟ್ಟು ಕೇಳಿದ್ದು ಅದೊಂದೇ, ಅದನ್ನೂ ಇಲ್ಲವಾಗಿಸಿದ್ದ. ಹೆಂಡತಿ ಸುಮಂಗಲಾ ಬಾಗಿಲಲ್ಲಿ ನಿಂತು ಅವನನ್ನು ನೋಡಿದ ನೋಟದಲ್ಲಿ ಮಾಫಿ ಇರಲಿಲ್ಲ.

ಗಾಡಿಯನ್ನು ಬೇರೆ ಯಾರಾದರೂ ಓಡಿಸಲಿ ಎಂದು ಓಣಿಯವರೆಲ್ಲ ಹೇಳಿದರು. ಊರವರನ್ನೆಲ್ಲ ತಾನೇ ಒಯ್ದಿರುವಾಗ ಅವ್ವನನ್ನು ಇನ್ನೊಬ್ಬರ ಕೈಗೆ ಕೊಡಲು ಅವನು ಒಪ್ಪಲಿಲ್ಲ. ಸುಮಂಗಲಾ, ಸುಗಲಮ್ಮ ಹೆಣದ ಅತ್ತಿತ್ತ ಕೂತರು. ಉಳಿದವರು ಹಿಂದೆ ನಡೆದುಬಂದರು. ಗಂಜಿನ ಗೇಟಿನ ಹತ್ತಿರ ರಸ್ತೆ ಒಡೆಯುತ್ತದೆ. ನೇರ ಹೋದರೆ ಬಜಾರ, ಎಡಕ್ಕೆ ಕೆರೆ. ಅವನು ಎಡಕ್ಕೆ ಸ್ಟೇರಿಂಗು ಎಳೆಯುವಷ್ಟರಲ್ಲಿ ಸೀಟಿನ ಹಿಂದಿನ ಜಾಲರಿಯಿಂದ ಸುಗಲಮ್ಮನ ದನಿ ಬಂತು.

"ನಿಲ್ಲಸು ತಮ್ಮಾ. ಸಾವಕಾರ್ರು ಹೇಳ್ಯಾರಲ್ಲ, ಯಾಕ ಕೆರಿ ಕಡಿ ಹೊಂಟಿ?"

ಅವನು ಬ್ರೇಕು ಹಾಕಿದ. ತಿರುಗಿ ನೋಡಲು ಧೈರ್ಯ ಬರಲಿಲ್ಲ. "ನಿಮ್ಮ ಮನಿಯವ್ರನ್ನ ಬಜಾರದಾಗಿಂದ ಒಯ್ಯಾಕ ನಾ ಒಲ್ಲೆ ಅಂದಿದ್ದೆ ಅಕ್ಕಾ. ಈಗ ಯಾವ ಮುಖ ಇಟ್ಕೊಂಡು ನಮ್ಮವ್ವನ್ನ ಒಯ್ಯಲಿ?"

"ಅವತ್ತ ನಿನಗ ಬಾಳ ಶಾಪ ಹಾಕೀನಿ. ಸುಳ್ಳ್ಯಾಕ ಹೇಳ್ಲಿ," ಎಂದಳು ಸುಗಲಮ್ಮ. "ಆದ್ರ ಅವ್ರು ಹೋದಾಗ ಬಾಲಮ್ಮತ್ತಿ ಮೂರು ದಿನ ನನ್ನ ಬಾಜೂ ಕುಂತು ರೊಟ್ಟಿ ತಿನಿಸ್ಯಾಳ. ನಿನ್ನ ತಪ್ಪಿಗೆ ಆಕಿನ್ಯಾಕ ಕೆರಿ ದಾರಿ ಹಿಡಸ್ತಿ? ಬಜಾರಕ್ಕ ನಡಿ."

ಚಂದ್ರಾಮಪ್ಪ ಕೆಳಗಿಳಿದ. ಡಬ್ಬಿಯಿಂದ ಬಿಳಿ ಬಟ್ಟೆ ತೆಗೆದು ಕನ್ನಡಿಗೆ ಕಟ್ಟಿದ. ಹನ್ನೊಂದು ವರ್ಷ ಕಟ್ಟಿದ ಗಂಟು ಅವತ್ತು ಎರಡು ಸಲ ಜಾರಿತು.

ಗಾಡಿ ಬಜಾರದೊಳಗೆ ಬಂತು. ಯಾರಿಗೂ ಫೋನು ಹೋಗಿರಲಿಲ್ಲ. ಆದರೂ ಬಿಳಿ ಬಟ್ಟೆ ಕಂಡದ್ದೇ ಕೈಗಳು ತಾವಾಗಿ ಶಟರಿಗೆ ಹೋದವು. ಕಿರಾಣಿ ಅಂಗಡಿಯ ಮಾಲೀಕ ಶಟರು ಎಳೆಯುತ್ತ, "ಯಾವ ಸಾವಕಾರ್ರ ಮನೀದು?" ಎಂದು ಗಾಡಿಯ ಹಿಂದೆ ಬರುತ್ತಿದ್ದವರನ್ನು ಕೇಳಿದ.

"ಬಾಲಮ್ಮಂದ್ರಿ. ಗಂಜಿನಾಗ ತೊಗರಿ ಹಸನ ಮಾಡ್ತಿದ್ದಳಲ್ಲ, ಆಕೀದು."

ಅವನ ಕೈ ಶಟರಿನ ಮೇಲೆ ಹಾಗೇ ನಿಂತಿತು. ಮೇಲೆತ್ತಬೇಕೋ ಬಿಡಬೇಕೋ ಎಂದು ಅವನು ಅತ್ತಿತ್ತ ನೋಡಿದ. ಎದುರುಗಡೆ ಜಗದೇವಪ್ಪನವರು ತಮ್ಮ ಶಟರನ್ನು ತಾವೇ ಎಳೆದು, ಮೆಟ್ಟಿಲಿಳಿದು ರಸ್ತೆಗೆ ಬಂದು, ಟೋಪಿ ತೆಗೆದು ನಿಂತಿದ್ದರು. ಕಿರಾಣಿಯವನು ಶಟರು ಎತ್ತಲಿಲ್ಲ. ಸಾಲಿನಲ್ಲಿ ಒಬ್ಬರೂ ಎತ್ತಲಿಲ್ಲ. ಕೂತಿದ್ದವರೆಲ್ಲ ಎದ್ದು ನಿಂತಿದ್ದರು. ಸ್ಟೇರಿಂಗು ಹಿಡಿದೇ ಚಂದ್ರಾಮಪ್ಪ ಅತ್ತ.

ಬಜಾರದಲ್ಲಿ ಗಾಡಿ ನಿಲ್ಲಿಸಬಾರದು, ಅದೂ ಠರಾವೇ. ಆದರೆ ದೇವಿಂದ್ರಪ್ಪ ಚೀಲ ಹೊತ್ತ ಅಂಗಡಿ ಬಂದಾಗ ಅವನು ನಿಲ್ಲಿಸಿದ.

"ಇದೇ ಅಲ್ಲೇನಕ್ಕಾ?"

"ಹೂಂ. ಇದೇ."

ಅವನು ಇಂಜಿನ್ ಬಂದ್ ಮಾಡಿದ. ಸುಗಲಮ್ಮ ಕಿಟಕಿಯ ಗಾಜು ಸರಿಸಿ, ಅರ್ಧ ಇಳಿದ ಆ ಶಟರನ್ನೂ ಅದರ ಮುಂದೆ ತಲೆ ತಗ್ಗಿಸಿ ನಿಂತ ಅಂಗಡಿಯವನನ್ನೂ ನೋಡುತ್ತ ಕೂತಳು. ಅವಳು "ನಡಿ ತಮ್ಮಾ" ಎನ್ನುವವರೆಗೂ ಚಂದ್ರಾಮಪ್ಪ ಗಾಡಿ ಚಾಲು ಮಾಡಲಿಲ್ಲ.