ಲಡಾಖಿನ ಚಳಿಗೆ ಹೋದ ಬೆರಳು

ಅಪ್ಪ ತೀರಿಕೊಂಡ ಮೇಲೆ ಕೊಳ್ಳೇಗಾಲದ ನಮ್ಮ ಫೋಟೊ ಸ್ಟುಡಿಯೋವನ್ನು ನಾನೂ ತಮ್ಮನೂ ನಡೆಸುತ್ತಿದ್ದೆವು. ಕ್ಯಾಮೆರಾ ನನ್ನದು, ಲೈಟು ವಿಡಿಯೊ ಅವನದು. ಧನುರ್ಮಾಸದಲ್ಲಿ ಮದುವೆಗಳಿರುವುದಿಲ್ಲ. ಬಹಳ ದಿನದ ನನ್ನ ಆಸೆಗೆ ಆ ಬಿಡುವಿನಲ್ಲೇ ಇಬ್ಬರೂ ಲಡಾಖಿಗೆ ಹೋದೆವು.

ಅಲ್ಲಿ ಹೊಳೆ ಕಲ್ಲಾಗಿತ್ತು. ಹೆಂಗಸರು ಅದರ ಮೇಲೆ ನಡೆದು ಹೋಗಿ, ಮಂಜುಗಡ್ಡೆಯನ್ನು ಕಬ್ಬಿಣದ ಸಲಾಕೆಯಿಂದ ಒಡೆದು ನೀರು ತುಂಬಿಕೊಳ್ಳುತ್ತಿದ್ದರು. ಅವರ ಉಸಿರು ಬಿಸಿಲಲ್ಲಿ ಹೊಗೆಯಂತೆ ಏಳುತ್ತಿತ್ತು. ಗ್ಲೌಸ್ ಹಾಕಿಕೊಂಡರೆ ಕ್ಯಾಮೆರಾದ ಬಟನ್ ಬೆರಳಿಗೆ ಸಿಗುತ್ತಿರಲಿಲ್ಲ, ಬಿಚ್ಚಿದೆ. ತೋರುಬೆರಳು ಮೊದಲು ಉರಿಯಿತು, ಆಮೇಲೆ ಏನೂ ಗೊತ್ತಾಗಲಿಲ್ಲ.

“ಬೆರಳು ಮರಗಟ್ತಾ ಅದೆ ಕಣೋ,” ಅಂದೆ.

“ಇನ್ನೊಂದೆರಡು ತಗಿ ಅಕ್ಕ, ಬೆಳಕು ಓಯ್ತದೆ,” ಅಂದ ತಮ್ಮ.

ತೆಗೆದೆ. ಉಳಿದುಕೊಂಡಿದ್ದ ಮನೆಗೆ ಬಂದಾಗ ಬೆರಳು ಮೇಣದ ಹಾಗೆ ಬೆಳ್ಳಗಿತ್ತು. ಮನೆಯಾಕೆ ನೋಡಿದವಳೇ ಗದರುತ್ತಾ ನನ್ನ ಕೈಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಡಿದಳು. ಬೆರಳಿಗೆ ಜೀವ ಮರಳುವಾಗ ಆದ ನೋವಿಗೆ ನಾನು ಪ್ರಾಣಿಯಂತೆ ಕೂಗಿದೆ. ಊರಿಗೆ ಬರುವಷ್ಟರಲ್ಲಿ ಬೆರಳು ಕಪ್ಪಾಗಿ ಒಣಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಅದರ ಎರಡು ಗೆಣ್ಣು ತೆಗೆದರು.

ಗಾಯ ಮಾಗಿದ ಮೇಲೆ ಕುಂತೂರು ರಸ್ತೆಯಲ್ಲಿ ನಿಂತು, ಓಡುವ ಕಬ್ಬಿನ ಟ್ರ್ಯಾಕ್ಟರುಗಳ ಫೋಟೊ ತೆಗೆಯುತ್ತಾ ನಡುಬೆರಳಿಗೆ ಬಟನ್ ಒತ್ತುವುದನ್ನು ಕಲಿಸಿದೆ. ಕೈ ಕುದುರಿತು. ಅಗರದಲ್ಲೊಂದು ಮದುವೆ ಒಪ್ಪಿಕೊಂಡೆವು.

ಧಾರೆಗೆ ಮುಂಚೆ ಫೋಟೊಕ್ಕೆಂದು ಮದುಮಗಳ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸುತ್ತಿದ್ದೆ. ಅವಳ ಅಜ್ಜಿಗೆ ನನ್ನ ಕೈ ಕಂಡಿತು.

“ಏನವ್ವ ಅದು ಬೆರಳಿಗೆ?”

“ಚಳಿಗೆ ಓಯ್ತು ಕಣಜ್ಜಿ. ಇಮ ಬೀಳೋ ಊರಲ್ಲಿ.”

“ಚಳಿಗೆ ಯಾರ ಬೆರಳಾದ್ರೂ ಉದುರದುಂಟಾ?” ಸುತ್ತ ಇದ್ದ ಹೆಂಗಸರು ನಕ್ಕರು. ಅಜ್ಜಿ ನಗಲಿಲ್ಲ. “ತಾಳಿ ಕಟ್ಟೋ ಒತ್ತಲ್ಲಿ ಮೊಂಡುಕೈ ಎದುರಿಗಿರಬಾರದು. ಅತ್ಲಾಗೆ ಓಗವ್ವ.”

ಮದುಮಗಳು ತಲೆ ತಗ್ಗಿಸಿದಳು. ತಮ್ಮ ಏನಾದರೂ ಅಂದಾನೆಂದು ಅವನ ಕಡೆ ನೋಡಿದೆ. ಅವನು ಬಂದು ನನ್ನ ಕೊರಳಿಂದ ಕ್ಯಾಮೆರಾ ಬಿಡಿಸಿಕೊಂಡ.

“ಕೊಡಕ್ಕ. ಇಲ್ಲಿ ರಂಪ ಬ್ಯಾಡ.”

ಇಬ್ಬರೂ ಬಂದದ್ದು ಒಂದೇ ಗಾಡಿಯಲ್ಲಿ. ಎದ್ದು ಹೋಗುವ ಹಾಗೂ ಇರಲಿಲ್ಲ. ಅಡುಗೆಯವರ ಪಾತ್ರೆಗಳ ಪಕ್ಕ ಕೂತು ಗಟ್ಟಿಮೇಳ ಕೇಳಿಸಿಕೊಂಡೆ.

ಮರುವಾರ ಮುಳ್ಳೂರಿನ ನಾಮಕರಣಕ್ಕೆ ಅವನೊಬ್ಬನೇ ಬ್ಯಾಗು ತುಂಬುತ್ತಿದ್ದ.

“ನೀನು ಅಂಗಡೀಲಿರು,” ಅಂದ.

“ಅಪ್ಪ ಕ್ಯಾಮೆರಾ ಕೊಟ್ಟದ್ದು ನನ್ನ ಕೈಗೆ,” ಅಂದೆ.

“ಆಗ ಕೈ ನೆಟ್ಟಗಿತ್ತು.”

ಅಷ್ಟು ಹೇಳಿ ಗಾಡಿ ಹತ್ತಿದ. ನಾನು ಅಂಗಡಿಯಲ್ಲಿದ್ದ ಹಳೇ ಕ್ಯಾಮೆರಾ ಎತ್ತಿಕೊಂಡೆ. ಒಳಗೆ ಪಾಸ್‌ಪೋರ್ಟ್ ಸೈಜ್ ಫೋಟೊಕ್ಕೆ ಬಂದ ಹನೂರಿನ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಫೋಟೊಕ್ಕೆ ಮುಖ ಎತ್ತದೆ ನನ್ನ ಕೈಯನ್ನೇ ನೋಡುತ್ತಿದ್ದಳು.

“ಇಲ್ಲಿ ನೋಡವ್ವ,” ಎಂದು ಎರಡು ಸಲ ಹೇಳಬೇಕಾಯಿತು.