ಐದು ಗಂಟೆಗೆ ಬಂದವಳ ಹಾಜರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು, ಅದೂ ಒಂದೇ ಸಾಲಿನದು. ಪಿ.ಜೆ. ಬಡಾವಣೆಯ ರಕ್ತಪರೀಕ್ಷೆ ಲ್ಯಾಬೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಉಳಿದ ಹೊತ್ತು ಎಲ್ಲರ ದನಿ ಅಣಕಿಸಿ ನಗಿಸುತ್ತಿದ್ದೆ. ಎರಡನೆಯದರಲ್ಲಿ ಚೆನ್ನಾಗಿ ಪಳಗಿದ್ದೆ.

ಬಂದ ಕೂಡಲೇ ಹೆಬ್ಬೆಟ್ಟು ಒತ್ತಬೇಕಾದ ನಮ್ಮ ಹಾಜರಿ ಯಂತ್ರ ತಾರೀಖು ಬರೆದಿಡುತ್ತಿರಲಿಲ್ಲ. ೧೯೭೦ರ ಮೊದಲ ದಿನದಿಂದ ಎಷ್ಟು ಸೆಕೆಂಡು ಕಳೆಯಿತೆಂಬ ಉದ್ದನೆಯ ಸಂಖ್ಯೆ ಕೊಡುತ್ತಿತ್ತು. ಅದನ್ನು ತಾರೀಖು, ವಾರವಾಗಿ ಬದಲಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ತಿಂಗಳ ಕೊನೆಗೆ ಗೈರಾದ ದಿನಗಳ ಪಟ್ಟಿ ಮಾತ್ರ ಬರುತ್ತಿತ್ತು. ಬಂದ ಗಂಟೆ ಯಾರಿಗೆ ಬೇಕು ಎಂದು ನಾನೇ ತೆಗೆದುಹಾಕಿದ್ದೆ.

ಮೊದಲ ಪಟ್ಟಿಯಲ್ಲೇ ಕಸ ಗುಡಿಸುವ ಹರಿಹರದ ಹೆಂಗಸು ನಾಲ್ಕೂ ಶನಿವಾರ ಗೈರು. ಭಾನುವಾರ ಲ್ಯಾಬಿಗೆ ರಜೆ.

“ಎರಡೆರಡು ದಿನ ಜೋಡಿ ರಜಾ ಏನಮ್ಮ?” ಎಂದರು ಯಜಮಾನರು.

“ಇಲ್ರಿ ಸಾರ್. ಮುಂಜಾನಿ ಐದಕ್ಕ ಬಂದು ಹೆಬ್ಬೆಟ್ಟು ಒತ್ತೀನ್ರಿ. ಒಂದಿನಾನೂ ತಪ್ಸಿಲ್ರಿ.”

ಯಜಮಾನರು ನನ್ನತ್ತ ತಿರುಗಿದರು. “ಏನಪಾ, ತಪ್ಪೇನಾರ ಐತಾ?”

“ಕಂಪ್ಯೂಟರಿಗೆ ಯಾರ ಮ್ಯಾಲ ಸಿಟ್ಟು ಸಾರ್?” ಎಂದೆ. ಎಲ್ಲರೂ ನಕ್ಕರು.

“ನಾಳಿಂದ ಬ್ಯಾಡ ಬಿಡಮ್ಮ” ಎಂದರು ಯಜಮಾನರು.

ಆಕೆ ಲ್ಯಾಬಿನ ಬೀಗದಕೈ ಮೇಜಿನ ಮೇಲಿಟ್ಟು ಹೋದಳು. ಮೆಟ್ಟಿಲಿಳಿಯುವ ಮೊದಲೇ ನಾನು “ಒಂದಿನಾನೂ ತಪ್ಸಿಲ್ರಿ” ಎಂದು ಆಕೆಯ ದನಿ ಅಣಕಿಸಿದೆ. ಚೆನ್ನಾಗಿಯೇ ಬಂತು.

ಮುಂದಿನ ತಿಂಗಳು ಆಕೆಯ ಜಾಗಕ್ಕೆ ಹೊಸದಾಗಿ ಸೇರಿದವಳೂ ಶನಿವಾರಗಳಿಗೆಲ್ಲ ಗೈರು. ಆಗ ಪ್ರೋಗ್ರಾಂ ತೆರೆದು ನೋಡಿದೆ. ಭಾರತದ ಸಮಯಕ್ಕೆ ಬದಲಿಸು ಎಂದು ಹೇಳುವ ಸಾಲೇ ಇಲ್ಲ. ಎಲ್ಲವೂ ನಮಗಿಂತ ಐದೂವರೆ ಗಂಟೆ ಹಿಂದಿರುವ ಗ್ರೀನಿಚ್ ಸಮಯದಲ್ಲಿ ನಡೆದಿತ್ತು. ಒಂಬತ್ತಕ್ಕೆ ಆಕಳಿಸುತ್ತ ಬರುವ ನಮಗೆ ದಿನ ಬದಲಾಗಲಿಲ್ಲ. ಬೆಳಗಿನ ಐದಕ್ಕೆ ಬಂದವಳ ಹಾಜರಿ ಹಿಂದಿನ ದಿನಕ್ಕೆ ಜಾರಿತ್ತು. ಸೋಮವಾರದ್ದು ಭಾನುವಾರಕ್ಕೆ, ಶನಿವಾರದ್ದು ಶುಕ್ರವಾರಕ್ಕೆ, ಶನಿವಾರ ಖಾಲಿ. ಎಲ್ಲರಿಗಿಂತ ಮೊದಲು ಬಂದವಳನ್ನೇ ನಾನು ಬಾರದವಳಾಗಿಸಿದ್ದೆ.

ಮಷೀನಿನ ಟೈಮು ತಪ್ಪಿತ್ತೆಂದಷ್ಟೇ ಯಜಮಾನರಿಗೆ ಹೇಳಿದೆ. “ಹೋಗಿ ಕರ್ಕಂಬಾ” ಎಂದರು. ಹರಿಹರದ ಬಸ್ಸಿನಲ್ಲಿ ಕ್ಷಮೆ ಕೇಳುವ ಮಾತನ್ನು ನಾಲ್ಕಾರು ಜನರ ದನಿಯಲ್ಲಿ ಮನಸ್ಸಿನಲ್ಲೇ ಆಡಿ ನೋಡಿದೆ. ನನ್ನದೆನ್ನುವ ದನಿ ಮಾತ್ರ ಸಿಗಲಿಲ್ಲ.

ಆಕೆ ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅಲ್ಲಿಯೂ ನಾನು ನಿಜ ಪೂರ್ತಿ ಹೇಳಲಿಲ್ಲ.

“ಮಷೀನಿನ ಟೈಮು ತಪ್ಪಾಗಿತ್ತಮ್ಮ, ಮತ್ತೆ ಬರ್ರಿ. ನಮಗ್ಯಾರಿಗೂ ಗೊತ್ತಾಗ್ಲಿಲ್ಲ.”

ಸೊಪ್ಪಿನಿಂದ ತಲೆಯೆತ್ತದೆ ಆಕೆ ಕೇಳಿದಳು:

“ಶನಿವಾರ ನೀ ಬರೋ ಹೊತ್ತಿಗೆ ನೆಲ ಒರ್ಸಿರ್ತಿತ್ತಲ್ಲಪಾ, ಅದೂ ಗೊತ್ತಾಗ್ಲಿಲ್ಲಾ?”